ಬ್ಯೂಲಾ ಹ್ಯಾಸ್ಕೆಲ್ ಬರೆದ ಅರವತ್ತೊಂದು

ಬ್ಯೂಲಾ ಹ್ಯಾಸ್ಕೆಲ್ ಅವರ ಕೈಕೆಳಗೆ ನಾನು ಇಪ್ಪತ್ತೊಂದು ವರ್ಷ ಟೈಪ್ ಮಾಡಿದೆ. ಕಾಪರ್ ಬೆಂಡ್‌ನ ಜಿಲ್ಲಾ ಶಿಕ್ಷಣ ಕಚೇರಿಯ ಹಿಂಬದಿಯ ಕೋಣೆಯಲ್ಲಿ ನಮ್ಮಿಬ್ಬರ ಮೇಜು ಎದುರುಬದುರು. ಅವರ ಮೇಜಿನ ಮೇಲೆ ಒಂದು ಚರ್ಮದ ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ಚಿತ್ರದ ರಟ್ಟುಗಳು, ಮರದ ತುಂಡುಗಳು, ದಾರಕ್ಕೆ ಪೋಣಿಸುವ ಮಣಿಗಳು, ಗುಂಡಿ ಒತ್ತಿದರೆ ಓಡಿ ಮತ್ತೆ ಒತ್ತಿದರೆ ನಿಲ್ಲುವ ಒಂದು ಗಡಿಯಾರ. ಆ ಪೆಟ್ಟಿಗೆ ಹಿಡಿದುಕೊಂಡು ಅವರು ಜಿಲ್ಲೆಯ ಶಾಲೆ ಶಾಲೆಗೂ ಹೋಗಿ ಮಕ್ಕಳ ಬುದ್ಧಿ ಅಳೆದು ಬರುತ್ತಿದ್ದರು. ಗಣಿಕೇರಿಯ ತಾಯಂದಿರು ಅವರಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದರು.

"ನಾಳೆ ಗಡಿಯಾರದಮ್ಮ ಬರ್ತಾಳಂತೆ, ಕಿವಿ ಹಿಂದೆ ಚೆನ್ನಾಗಿ ಉಜ್ಜಿ ತೊಳ್ಕೊ" ಎಂದು ನನ್ನ ತಾಯಿ ನನ್ನ ತಂಗಿಗೆ ಹೇಳುತ್ತಿದ್ದದ್ದು ನೆನಪಿದೆ. ಕಿವಿಯ ಕೊಳೆಗೂ ಬುದ್ಧಿಗೂ ಏನು ಸಂಬಂಧ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ಯೂಲಾ ರಾಜ್ಯದ ತೆಂಕಣ ಭಾಗದವರು. ತೆಳ್ಳಗೆ, ಎತ್ತರಕ್ಕೆ, ಚಳಿಗಾಲ ಪೂರ್ತಿ ಒಂದೇ ನೀಲಿ ಸ್ವೆಟರಿನಲ್ಲಿ ಇರುತ್ತಿದ್ದರು. ಮದುವೆಯಾಗಿರಲಿಲ್ಲ. ಅವರಿಗೆ ಆರಿನ್ ಎಂಬ ತಮ್ಮನಿದ್ದನಂತೆ. ಹನ್ನೊಂದು ವರ್ಷವಾದರೂ ಅವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಮೇಷ್ಟ್ರು ಸೋಮಾರಿ ಎಂದು ಹೊಡೆದರು, ಅಪ್ಪ ಹಟಮಾರಿ ಎಂದು ಹೊಡೆದರು. ಒಂದು ದಿನ ಶಾಲೆಗೆಂದು ಹೊರಟವನು ಹೆಪ್ಪುಗಟ್ಟಿದ ಕೊಳದ ಮೇಲೆ ನಡೆದು ಹೋದ. ಮಂಜುಗಡ್ಡೆ ತೆಳುವಾಗಿದೆ ಎನ್ನುವುದು ಅವನಿಗೆ ಗೊತ್ತಿತ್ತೋ ಇಲ್ಲವೋ ಎನ್ನುವುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ.

"ಯಾರಾದ್ರೂ ಒಬ್ರು ಅವನ ಎದುರು ಒಂದು ಗಂಟೆ ಕೂತು ಅಳೆದಿದ್ರೆ ಸಾಕಿತ್ತು, ಲೆಂಪಿ" ಎಂದು ಅವರು ನನಗೆ ಒಮ್ಮೆ ಹೇಳಿದ್ದರು. "ಇದು ಇವನ ತಪ್ಪಲ್ಲ, ಇವನಿಗೆ ಇರೋದೇ ಇಷ್ಟು ಅಂತ ಕಾಗದದ ಮೇಲೆ ಬರೆದುಕೊಟ್ಟಿದ್ರೆ ಯಾರೂ ಹೊಡೀತಿರಲಿಲ್ಲ."

ಅವರ ಓದು ಕೂಡ ಅದನ್ನೇ ಹೇಳಿಕೊಟ್ಟಿತ್ತು. ಬುದ್ಧಿ ಎನ್ನುವುದು ಮನುಷ್ಯನ ಎತ್ತರದ ಹಾಗೆ, ಹುಟ್ಟಿನಲ್ಲೇ ಗೊತ್ತಾಗಿ ಹೋಗಿರುತ್ತದೆ, ಬೈದರೂ ಬೆಳೆಯುವುದಿಲ್ಲ, ಮುದ್ದಿಸಿದರೂ ಬೆಳೆಯುವುದಿಲ್ಲ. ಎಷ್ಟು ವರ್ಷದ ಮಕ್ಕಳ ಪ್ರಶ್ನೆಗಳಿಗೆ ಮಗು ಉತ್ತರ ಕೊಡುತ್ತದೆ ಎಂದು ನೋಡಿ, ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಒಂದು ಸಂಖ್ಯೆ ಬರುತ್ತದೆ. ನೂರು ಬಂದರೆ ಸರಿಸಮ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಮಂದಬುದ್ಧಿ. ಅಂಥ ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ರಾಜ್ಯದ ವಸತಿಶಾಲೆಗೆ ಕಳಿಸುತ್ತಿದ್ದರು. ಅದು ಊರಿನಿಂದ ತೊಂಬತ್ತು ಮೈಲಿ ದೂರದ ಒಂದು ದಿಬ್ಬದ ಮೇಲಿತ್ತು. ನಾವೆಲ್ಲ ಅದಕ್ಕೆ ಗುಡ್ಡ ಎನ್ನುತ್ತಿದ್ದೆವು. ಗುಡ್ಡ ಹತ್ತಿದ ಮಕ್ಕಳು ಬೇಸಿಗೆ ರಜೆಗೂ ಇಳಿದು ಬರುತ್ತಿರಲಿಲ್ಲ.

ಬ್ಯೂಲಾ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಒಂದು ಅಂಕವನ್ನು ಕರುಣೆಗೆ ಹೆಚ್ಚು ಹಾಕಿದವರಲ್ಲ, ಕೋಪಕ್ಕೆ ಕಡಿಮೆ ಮಾಡಿದವರಲ್ಲ. ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದರು. ಅರ್ಥವಾಗದ ಮಾತಾದರೆ ಕಿವಿಗೆ ಬಿದ್ದ ಸದ್ದನ್ನೇ ಅಕ್ಷರಕ್ಕಿಳಿಸಿ, ಪಕ್ಕದಲ್ಲಿ 'ತಿಳಿಯಲಿಲ್ಲ' ಎಂದು ಗುರುತು ಹಾಕಿ, ಸೊನ್ನೆ ಕೊಡುತ್ತಿದ್ದರು. ಆ ಹಾಳೆಗಳನ್ನು ನಾನು ಟೈಪ್ ಮಾಡುತ್ತಿದ್ದೆ.

ಸಾವಿರದ ಒಂಬೈನೂರ ಮೂವತ್ತೊಂದರ ಮಾರ್ಚ್ ತಿಂಗಳಲ್ಲಿ ನನಗೆ ಹತ್ತೊಂಬತ್ತು ವರ್ಷ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಆ ವಾರ ಬ್ಯೂಲಾ ಗಣಿಕೇರಿಯ ಶಾಲೆಯಿಂದ ಐದು ಹಾಳೆ ತಂದರು. ಅವುಗಳಲ್ಲಿ ಒಂದು ಹಿಲ್ಯ ಸಾರೆಲಾ ಎಂಬ ಹುಡುಗಿಯದು. ಆ ವಾರವಷ್ಟೇ ಅವಳಿಗೆ ಒಂಬತ್ತು ತುಂಬಿತ್ತು. ಗಣಿ ಕೆಲಸಕ್ಕೆ ಕಡಲು ದಾಟಿ ಬಂದ ನಮ್ಮವರ ಫಿನ್ನಿಷ್ ಮಾತಿನಲ್ಲಿ ಹಿಲ್ಯ ಎಂದರೆ ಸದ್ದಿಲ್ಲದವಳು. ಜನವರಿಯಲ್ಲಿ ಅವಳ ತಾಯಿ ಜ್ವರದಲ್ಲಿ ತೀರಿಕೊಂಡಿದ್ದಳು. ತಂದೆ ಗಣಿ ಕೆಲಸ ಹೋಗಿ ಕುಡಿತಕ್ಕೆ ಬಿದ್ದಿದ್ದ. ಶಾಲೆಯ ಟೀಚರಮ್ಮ ಮೇಲ್ಗಡೆ ಬರೆದಿದ್ದರು: ಮಾತಾಡುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ.

ನಾನು ಹಾಳೆಯನ್ನು ಟೈಪ್‌ರೈಟರಿನ ಪಕ್ಕ ಇಟ್ಟುಕೊಂಡು ಓದಿದೆ. 'ತಿಳಿಯಲಿಲ್ಲ' ಎಂದು ಗುರುತು ಹಾಕಿದ್ದ ಸದ್ದುಗಳೆಲ್ಲ ನನ್ನ ಮನೆಮಾತು. ಹಿಮ ಬಿದ್ದು ದಾರಿ ಮುಚ್ಚಿಹೋದರೆ ಏನು ಮಾಡುತ್ತೀಯ ಎಂಬ ಪ್ರಶ್ನೆಗೆ, ಬೇಲಿ ಹಿಡಿದುಕೊಂಡು ನಡೆಯುತ್ತೇನೆ ಎಂದಿದ್ದಳು. ಸೊನ್ನೆ. ವಾರದ ದಿನಗಳನ್ನು ಒಂದೂ ಬಿಡದೆ ಹೇಳಿದ್ದಳು. ಸೊನ್ನೆ. ಬೆಕ್ಕೂ ಹಸುವೂ ಯಾವುದರಲ್ಲಿ ಒಂದೇ ಎಂಬ ಪ್ರಶ್ನೆಗೆ, ಎರಡೂ ಪ್ರಾಣಿಗಳು ಎನ್ನಬೇಕಿತ್ತು. ಹಿಲ್ಯ ಹೇಳಿದ್ದು ಇದು: ಅಪ್ಪ ಬರುವುದು ಎರಡಕ್ಕೂ ಅಮ್ಮನಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಹಾಳೆಯ ಕೆಳಗೆ ಲೆಕ್ಕ ಇತ್ತು. ಬುದ್ಧಿಯ ವಯಸ್ಸು ಐದೂವರೆ. ಸಂಖ್ಯೆ ಅರವತ್ತೊಂದು.

ನಾನು ತಲೆಯೆತ್ತಿ ನೋಡಿದೆ. ಬ್ಯೂಲಾ ಎದುರಿನ ಮೇಜಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕಚೇರಿಯಲ್ಲಿ ನಾನು ಫಿನ್ನಿಷ್ ಬಾಯಿಗೆ ತರುತ್ತಿರಲಿಲ್ಲ. ಗಣಿಕೇರಿಯವಳು ಎಂದು ಮೊದಲೇ ಅಲ್ಲಿ ಮೂಗು ಮುರಿಯುವವರಿದ್ದರು. ನಮ್ಮ ಮನೆಯಲ್ಲಿ ಆಗ ದುಡಿಯುತ್ತಿದ್ದವಳು ನಾನೊಬ್ಬಳೇ. ಹಾಳೆಯನ್ನು ಟೈಪ್ ಮಾಡಿ, ಅರವತ್ತೊಂದರ ಕೆಳಗೆ ಗೆರೆ ಎಳೆದು, ಸಹಿಗೆ ಕೊಟ್ಟೆ. ಏಪ್ರಿಲ್‌ನಲ್ಲಿ ಹಿಲ್ಯಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು.

ಹತ್ತೊಂಬತ್ತು ವರ್ಷ ಕಳೆಯಿತು. ಸಾವಿರದ ಒಂಬೈನೂರ ಐವತ್ತರ ಅಕ್ಟೋಬರಿನಲ್ಲಿ ಗುಡ್ಡದಿಂದ ಬ್ಯೂಲಾ ಅವರಿಗೆ ಕರೆ ಬಂತು. ಅಲ್ಲಿ ಪರೀಕ್ಷೆ ಮಾಡುವವರು ಕೆಲಸ ಬಿಟ್ಟಿದ್ದರು. ಆರನೆಯ ವಸತಿಗೃಹದ ಹನ್ನೊಂದು ಹೆಣ್ಣುಮಕ್ಕಳ ಬುದ್ಧಿಯ ಸಂಖ್ಯೆ ಎರಡೇ ವರ್ಷದಲ್ಲಿ ಹದಿನೈದು, ಇಪ್ಪತ್ತು ಏರಿತ್ತು. ಹಾಗೆ ಏರುವುದು ಸಾಧ್ಯವೇ ಇಲ್ಲ ಎಂದು ಮೇಲ್ವಿಚಾರಕ ಡಾಕ್ಟರ್ ಲಥ್ರಪ್ ಅವರಿಗೆ ಅನುಮಾನ. ಬರೆದುಕೊಳ್ಳಲು ನಾನೂ ಜೊತೆಗೆ ಹೋದೆ.

ಮೊದಲು ಬಂದದ್ದು ಡಾರ್ಲಾ ಎಂಬ ಹತ್ತು ವರ್ಷದ ಹುಡುಗಿ. ತುಟಿ ಒಡೆದಿತ್ತು, ಕೂದಲನ್ನು ಬಟ್ಟಲು ಕವುಚಿ ಕತ್ತರಿಸಿದ ಹಾಗಿತ್ತು.

"ನಾನೀಗ ನಾಲ್ಕು ಅಂಕಿ ಹೇಳ್ತೀನಿ, ನೀನು ಅದನ್ನ..." ಎಂದು ಬ್ಯೂಲಾ ಬಾಯಿ ತೆರೆಯುವಷ್ಟರಲ್ಲಿ ಡಾರ್ಲಾ ನಾಲ್ಕು ಅಂಕಿಗಳನ್ನೂ ಹೇಳಿ, ಅವನ್ನೇ ಹಿಂದಿನಿಂದ ಮುಂದಕ್ಕೂ ಹೇಳಿ ಮುಗಿಸಿದಳು.

"ನಾನಿನ್ನೂ ಕೇಳೇ ಇಲ್ವಲ್ಲ, ಚಿನ್ನ."

ಡಾರ್ಲಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಅಕ್ಕ ಬೈತಾಳೆ. ಗಡಿಯಾರ ಒತ್ತಿದ ಮೇಲೇ ಹೇಳ್ಬೇಕು ಅಂದಿದ್ಲು."

"ಯಾವ ಅಕ್ಕ?"

"ಇಸ್ತ್ರಿ ಅಕ್ಕ."

ನಾವು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಹೋದೆವು. ಹಬೆಯಲ್ಲಿ ಎದುರಿಗಿದ್ದವರು ಕಾಣುತ್ತಿರಲಿಲ್ಲ. ಒಬ್ಬ ಹೆಂಗಸು ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಹಾಸಿಗೆ ಬಟ್ಟೆ ತೂರಿಸುತ್ತಿದ್ದಳು. ಮೊಣಕೈವರೆಗೂ ಸುಟ್ಟ ಕಲೆಗಳು. ವಯಸ್ಸು ಇಪ್ಪತ್ತೆಂಟು ಎಂದು ಆಮೇಲೆ ಲೆಕ್ಕ ಹಾಕಿದೆ, ನೋಡಿದರೆ ನಲವತ್ತು ಅನ್ನಿಸುತ್ತಿತ್ತು.

"ನೀನಾ ಆ ಮಕ್ಕಳಿಗೆ ಹೇಳಿಕೊಟ್ಟದ್ದು?" ಬ್ಯೂಲಾ ಕೇಳಿದರು.

"ಹೌದು."

"ಪ್ರಶ್ನೆಪುಸ್ತಕ ನಿನಗೆಲ್ಲಿ ಸಿಕ್ತು?"

"ಪುಸ್ತಕ ಎಲ್ಲಿಂದ ಬರ್ಬೇಕು. ಪರೀಕ್ಷೆ ಮುಗಿಸಿ ಬಂದೋರು ಎರಡೋ ಮೂರೋ ಪ್ರಶ್ನೆ ನೆನಪಿಟ್ಕೊಂಡು ಬರ್ತಾರೆ. ಒಬ್ಬಳು ಒಂದು ಹೇಳ್ತಾಳೆ, ಇನ್ನೊಬ್ಬಳು ಇನ್ನೊಂದು. ಯಾವ್ದು ಮೊದಲು, ಯಾವ್ದು ಆಮೇಲೆ ಅಂತ ನಾನು ಜೋಡಿಸ್ದೆ. ಏಳು ವರ್ಷ ಹಿಡೀತು."

"ಉತ್ತರಗಳು?"

"ಯಾವ ಉತ್ತರ ಹೇಳ್ದೋರು ಮನೆಗೆ ಹೋದ್ರು, ಯಾವ್ದು ಹೇಳ್ದೋರು ಇಲ್ಲೇ ಉಳಿದ್ರು ಅಂತ ನೋಡ್ತಾ ಹೋದ್ರೆ ಗೊತ್ತಾಗುತ್ತೆ."

ಅವಳು ಕೈಕೆಲಸ ನಿಲ್ಲಿಸದೆ ಇಡೀ ಪರೀಕ್ಷೆಯನ್ನು ಮೊದಲಿನಿಂದ ಹೇಳತೊಡಗಿದಳು. ಪ್ರಶ್ನೆ, ಉತ್ತರ, ಎಲ್ಲಿ ಎಷ್ಟು ಹೊತ್ತು ಎಂಬುದನ್ನೆಲ್ಲ ಹೇಳಿದಳು. "ಇಲ್ಲಿ ಅವರು ಚಿತ್ರದ ರಟ್ಟು ಹುಡುಕ್ತಾರೆ, ಅಷ್ಟರಲ್ಲಿ ಮುಂದಿಂದು ಯೋಚಿಸ್ಕೋಬೋದು" ಎಂದಳು. "ಇಲ್ಲಿ 'ಅವಸರ ಇಲ್ಲ ಚಿನ್ನ' ಅಂತಾರೆ. ಹಾಗಂದ್ರೆ ಗಡಿಯಾರ ಓಡ್ತಿದೆ ಅಂತ ಅರ್ಥ."

"ಇಷ್ಟೆಲ್ಲ ಗೊತ್ತಿದ್ದು ನೀನೇ ಯಾಕೆ ಪರೀಕ್ಷೆಗೆ ಕೂರ್ಲಿಲ್ಲ?"

"ಹದಿನಾರು ದಾಟಿದ್ಮೇಲೆ ನಮ್ಮನ್ನ ಯಾರೂ ಅಳೆಯಲ್ಲ. ಬುದ್ಧಿ ಅಲ್ಲಿಗೇ ನಿಂತ್ಹೋಗುತ್ತಂತೆ."

"ನಿನ್ನ ಹೆಸರು?"

"ಹಿಲ್ಯ ಸಾರೆಲಾ. ಕಾಪರ್ ಬೆಂಡ್. ನೀವು ನನಗೆ ಅಳತೆ ಹಾಕಿದ್ರಿ. ನೀಲಿ ಸ್ವೆಟರ್ ಹಾಕಿದ್ರಿ."

ಬ್ಯೂಲಾ ಅವಳ ಮುಖವನ್ನು ತುಂಬಾ ಹೊತ್ತು ನೋಡಿದರು. ಅವರಿಗೆ ನೆನಪಾಗಲಿಲ್ಲ. ನನಗೆ ಹೆಸರು ಕೇಳಿದ ತಕ್ಷಣ ಆ ಹಾಳೆಯ ಒಂದೊಂದು ಸಾಲೂ ನೆನಪಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಂದು ಮಧ್ಯಾಹ್ನವೇ ಬ್ಯೂಲಾ ತಮ್ಮ ಅಭ್ಯಾಸದಂತೆ ನಿಜವನ್ನು ಬರೆದುಕೊಟ್ಟರು: ಮಕ್ಕಳಿಗೆ ಮೊದಲೇ ಹೇಳಿಕೊಡಲಾಗಿದೆ, ಈ ಸಂಖ್ಯೆಗಳು ಲೆಕ್ಕಕ್ಕಿಲ್ಲ. ಡಾಕ್ಟರ್ ಲಥ್ರಪ್ ಕೈ ಕುಲುಕಿ ಧನ್ಯವಾದ ಹೇಳಿದರು. ಹನ್ನೊಂದು ಮಕ್ಕಳಲ್ಲಿ ಎಪ್ಪತ್ತು ದಾಟಿದ ನಾಲ್ವರು ಕ್ರಿಸ್ಮಸ್‌ಗೆ ಬಿಡುಗಡೆಯಾಗಿ ಮನೆಗೆ ಹೋಗಬೇಕಿತ್ತು, ಡಾರ್ಲಾ ಅವರಲ್ಲೊಬ್ಬಳು. ಅವರ ಕಾಗದಗಳನ್ನು ಹರಿದುಹಾಕಿದರು. ಹಿಲ್ಯಳನ್ನು ಮಕ್ಕಳ ಸುಳಿವಿಲ್ಲದ ಕಡೆ, ಹಿಂಬದಿಯ ಬೀಗದ ಕಟ್ಟಡಕ್ಕೆ ಸಾಗಿಸಿದರು. ಇದು ನಮಗೆ ವಾರದ ಮೇಲೆ ಕಾಗದದಲ್ಲಿ ತಿಳಿಯಿತು. ಕಾಗದ ಒಡೆದು ಓದಿದವಳು ನಾನು.

ಬ್ಯೂಲಾ ಟೋಪಿ ತೆಗೆದು ಮೇಜಿನ ಮೇಲಿಟ್ಟು ಕುಳಿತರು. "ನಾನು ಸುಳ್ಳು ಬರೆದಿಲ್ಲ, ಅಲ್ವಾ ಲೆಂಪಿ?" ಎಂದರು.

"ಇಲ್ಲ, ಹ್ಯಾಸ್ಕೆಲ್ ಮಿಸ್."

"ಅವಳನ್ನ ಮತ್ತೆ ಅಳೆಯೋಣ ಅಂದ್ರೆ ನನ್ನ ಹತ್ರ ಏನೂ ಉಳಿದಿಲ್ಲ. ಇರೋದು ಒಂದೇ ಪರೀಕ್ಷೆ. ಅದು ಅವಳಿಗೆ ಬಾಯಿಪಾಠ. ಎಷ್ಟು ಬಂದ್ರೂ ಯಾರೂ ಒಪ್ಪಲ್ಲ." ಪೆನ್ಸಿಲ್ ಎತ್ತಿಕೊಂಡು, "ಹಳೇ ಹಾಳೆ ತಗೊಂಡು ಬಾ. ಏನು ನೋಡಿ ಅರವತ್ತೊಂದು ಬರೆದೆ ಅಂತ ನೋಡ್ತೀನಿ" ಎಂದರು.

ಹಳೆಯ ಹಾಳೆಗಳೆಲ್ಲ ಕಚೇರಿಯ ನೆಲಮಾಳಿಗೆಯಲ್ಲಿ ಬೀರುಗಳಲ್ಲಿದ್ದವು. ನಾನು ಹುಡುಕಬೇಕಾಗಿರಲಿಲ್ಲ, ಯಾವ ಖಾನೆಯಲ್ಲಿದೆ ಎಂದು ಗೊತ್ತಿತ್ತು. ಹಿಂದೆ ಎರಡು ಮೂರು ಸಲ ಅದನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟಿದ್ದೆ. ತಂದು ಅವರ ಮುಂದೆ ಇಟ್ಟು, ನಿಂತುಕೊಂಡೇ, ತಿಳಿಯಲಿಲ್ಲ ಎಂದಿದ್ದ ಒಂದೊಂದು ಸಾಲನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಬೇಲಿಯದು, ವಾರದ ದಿನಗಳದು, ಉಳಿದ ಎಲ್ಲವೂ. ಕೊನೆಗೆ ಬೆಕ್ಕು ಮತ್ತು ಹಸುವಿನದು.

ಬ್ಯೂಲಾ ಪೆನ್ಸಿಲ್ ಹಿಡಿದು ಅಂಕ ಹಾಕುತ್ತಾ ಬಂದವರು ಅಲ್ಲಿ ನಿಂತರು.

"ನಿನಗೆ ಇದು ಯಾವಾಗಿಂದ ಗೊತ್ತು?"

"ಟೈಪ್ ಮಾಡಿದ ದಿನದಿಂದ."

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಎಂದೆ. ಅದು ಉತ್ತರವಲ್ಲ ಎಂದು ನನಗೇ ಗೊತ್ತಿತ್ತು. "ಕೆಲಸ ಹೋಗುತ್ತೆ ಅಂತ ಭಯ ಇತ್ತು. ಆಮೇಲೆ ಭಯ ಹೋಯ್ತು, ಆದ್ರೆ ಅಷ್ಟೊತ್ತಿಗೆ ತುಂಬಾ ವರ್ಷ ಆಗಿತ್ತು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೆಕ್ಕ ಮುಂದುವರಿಸಿದರು. ಬುದ್ಧಿಯ ವಯಸ್ಸು ಎಂಟು. ಸಂಖ್ಯೆ ಎಂಬತ್ತೊಂಬತ್ತು. ಬೆಕ್ಕು ಹಸುವಿನ ಸಾಲಿಗೆ ಮಾತ್ರ ಅವರು ಅಂಕ ಹಾಕಲಿಲ್ಲ. "ಪುಸ್ತಕದ ಪ್ರಕಾರ ಇದು ಸೊನ್ನೆಯೇ" ಎಂದರು. "ಈ ಥರದ್ದನ್ನ ಬರೆಯೋಕೆ ನನ್ನ ಹಾಳೆಯಲ್ಲಿ ಜಾಗ ಇಲ್ಲ, ಲೆಂಪಿ. ತಾಯಿ ಸತ್ತು ಎರಡು ತಿಂಗಳಾದ ಮಗು ಇದನ್ನ ನನಗೆ ಹೇಳ್ತಿದ್ರೆ ನಾನು ಗಡಿಯಾರ ನೋಡ್ತಿದ್ದೆ."

ಹಿಲ್ಯಳನ್ನು ಬಿಡಿಸಲು ಮುಂದಿನ ಹದಿನಾಲ್ಕು ತಿಂಗಳು ಬ್ಯೂಲಾ ಕಾಗದ ಬರೆದರು, ರೈಲು ಹತ್ತಿದರು, ಮುಚ್ಚಿದ ಬಾಗಿಲುಗಳ ಮುಂದೆ ಬೆಂಚಿನ ಮೇಲೆ ಕುಳಿತರು. ಶಿಕ್ಷಣ ಕಚೇರಿ ಅವರಿಗೆ ಇದೆಲ್ಲ ಬೇಡ ಎಂದು ಬುದ್ಧಿ ಹೇಳಿತು. ಅವರು ರಾಜೀನಾಮೆ ಕೊಟ್ಟರು. ಕೊನೆಗೆ ಜಿಲ್ಲಾ ನ್ಯಾಯಾಧೀಶ ಪೆನ್‌ಹಾಲೋ ಅವರ ಎದುರು ವಿಚಾರಣೆಗೆ ದಿನ ಸಿಕ್ಕಿತು.

ಡಾಕ್ಟರ್ ಲಥ್ರಪ್ ಕೆಟ್ಟವರೇನಲ್ಲ, ನಂಬಿದ್ದನ್ನು ಹೇಳಿದರು. "ಬಾಯಿಪಾಠ ಮಾಡೋದು ಬುದ್ಧಿ ಅಲ್ಲ ಸ್ವಾಮಿ. ಗಿಳಿಯೂ ಮಾಡುತ್ತೆ."

"ಪಕ್ಕದ ಪಂಜರದ ಗಿಳಿ ಬಿಡುಗಡೆ ಆಗ್ಲಿ ಅಂತ ಅದಕ್ಕೆ ಪಾಠ ಹೇಳಿಕೊಡೋ ಗಿಳೀನ ನೀವು ನೋಡಿದ್ದೀರಾ, ಡಾಕ್ಟ್ರೇ?" ಎಂದರು ಬ್ಯೂಲಾ.

ನಾನು ಪ್ರಮಾಣ ಮಾಡಿ, ಮೂವತ್ತೊಂದರ ಹಾಳೆಯನ್ನು ಎರಡೂ ಭಾಷೆಯಲ್ಲಿ ಓದಿದೆ. ಓದುವಾಗ ಹಿಲ್ಯ ನನ್ನನ್ನೇ ನೋಡುತ್ತಿದ್ದಳು. ತನ್ನ ಒಂಬತ್ತನೆಯ ವಯಸ್ಸಿನ ಮಾತುಗಳನ್ನು ಇನ್ನೊಬ್ಬರ ಬಾಯಿಂದ ಅವಳು ಮೊದಲ ಸಲ ಕೇಳುತ್ತಿದ್ದಳು. ನ್ಯಾಯಾಧೀಶರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ.

"ಬಿಟ್ಟರೆ ಎಲ್ಲಿಗೆ ಹೋಗ್ತೀಯಮ್ಮ?"

"ಬಾಗಿಲಿಗೆ ಒಳಗಡೆಯಿಂದ ಚಿಲಕ ಇರೋ ಕಡೆಗೆ" ಎಂದಳು ಹಿಲ್ಯ.

ಅವಳು ಐವತ್ತೆರಡರ ಫೆಬ್ರವರಿಯಲ್ಲಿ ಗುಡ್ಡ ಇಳಿದಳು. ಮೊದಲ ವರ್ಷ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿದ್ದಳು. ಸಹಕಾರಿ ಅಂಗಡಿಯ ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು. ರೈ ಧಾನ್ಯದ ಹಿಟ್ಟಿನ ರೊಟ್ಟಿಯನ್ನು ಅವಳ ಹಾಗೆ ಮಾಡುವವರು ಊರಿನಲ್ಲಿರಲಿಲ್ಲ. ಯಾರಾದರೂ ಕೋಣೆಗೆ ಬಂದರೆ ತಟ್ಟನೆ ಎದ್ದು ನಿಲ್ಲುತ್ತಿದ್ದಳು. ಊಟಕ್ಕೆ ಕೂರು ಎನ್ನುವವರೆಗೂ ಕೂರುತ್ತಿರಲಿಲ್ಲ. ಆ ಹಾಳೆ ಟೈಪ್ ಮಾಡಿದ್ದು ನಾನು, ಅರ್ಥ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಅವಳಿಗೆ ಹೇಳಿದ್ದು ಮೊದಲ ವಾರದಲ್ಲೇ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ನ್ಯಾಯಾಲಯದಲ್ಲೇ ಗೊತ್ತಾಯ್ತು" ಎಂದಳು. "ನೀನು ಕಾಗದ ನೋಡದೇ ಓದ್ತಿದ್ದೆ."

ಬ್ಯೂಲಾ ಊರು ಬಿಟ್ಟು ಹೋಗಲಿಲ್ಲ. ಸರೋವರದ ದಂಡೆಯ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಹಳೆಯ ಹಾಳೆಗಳನ್ನು ಕಚೇರಿ ಸುಡಲು ಹೊರಟಾಗ ಬೇಡಿಕೊಂಡು ತಂದು, ಮುಂಗೋಣೆಯ ಗೋಡೆಯುದ್ದಕ್ಕೂ ಜೋಡಿಸಿಟ್ಟರು. ನಾಲ್ಕು ಸಾವಿರದ ಚಿಲ್ಲರೆ ಮಕ್ಕಳು. ಗುಡ್ಡಕ್ಕೆ ಹೋದವರು ನೂರ ಅರವತ್ತಮೂರು. ಭಾನುವಾರ ಚರ್ಚು ಮುಗಿಸಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಫಿನ್ನಿಷ್ ಮಕ್ಕಳ ಹಾಳೆಗಳನ್ನು ನಾನು ಓದುತ್ತಿದ್ದೆ, ಕ್ರೊವೇಷಿಯನ್, ಇಟಾಲಿಯನ್ ಮಕ್ಕಳದ್ದಕ್ಕೆ ಆಯಾ ಕೇರಿಯ ಅಜ್ಜಿಯರನ್ನು ಕರೆಸುತ್ತಿದ್ದೆವು. ತಪ್ಪು ಅಳತೆ ಎಂದು ಖಾತ್ರಿಯಾದದ್ದು ನಲವತ್ತೊಂದು. ಅವರಲ್ಲಿ ಹದಿನಾಲ್ವರು ಗುಡ್ಡದ ಸ್ಮಶಾನದಲ್ಲಿದ್ದರು. ಬಿಡಿಸಲು ಆದದ್ದು ಆರು ಮಂದಿಯನ್ನು. ಇಬ್ಬರು ಹೊರಗೆ ಬರಲಾರೆ ಎಂದು ಗೇಟು ಹಿಡಿದುಕೊಂಡು ಅತ್ತರು, ಅವರನ್ನು ಅಲ್ಲೇ ಬಿಟ್ಟು ಬಂದೆವು. ಡಾರ್ಲಾಳ ಹಾಳೆ ನಮ್ಮ ಕೈಗೆ ಸಿಗುವಂಥದ್ದಲ್ಲ, ಅವಳು ಬೇರೆ ಜಿಲ್ಲೆಯವಳು. ಅವಳು ಇಪ್ಪತ್ತೊಂದು ವರ್ಷದವಳಾಗಿ ಹೊರಬಂದಳು ಎಂದು ಆಮೇಲೆ ಕೇಳಿದೆ.

ಆ ದಿನಗಳಲ್ಲೇ ಬ್ಯೂಲಾ ಅವರಿಗೆ ಅದು ಶುರುವಾದದ್ದು. ನಾವಿಬ್ಬರೂ ಅಂಗಡಿಯಲ್ಲಿ ಬೆಣ್ಣೆ ಕೊಳ್ಳುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ, "ಚಂದ್ರನಿಗೆ ಭಾನುವಾರ ರಜ" ಎಂದರು.

"ಏನಂದ್ರಿ?"

"ಯಾರೋ ಹೇಳಿದ್ದು. ಇಪ್ಪತ್ತಾರರಲ್ಲೋ ಇಪ್ಪತ್ತೇಳರಲ್ಲೋ. ಯಾರು ಅದು, ಲೆಂಪಿ?"

ಹಾಗೆ ದಿನಕ್ಕೆ ನಾಲ್ಕೈದು ಸಲ ಆಗುತ್ತಿತ್ತು. ಬಟ್ಟೆ ಒಣಹಾಕುವಾಗ, ಚರ್ಚಿನಲ್ಲಿ ಮಂಡಿಯೂರಿದಾಗ ಯಾವುದೋ ಮಗುವಿನ ಉತ್ತರ ಅವರ ಬಾಯಲ್ಲಿ ಬರುತ್ತಿತ್ತು. ನೀರು ಯಾಕೆ ಕೆಳಕ್ಕೇ ಹರಿಯುತ್ತೆ ಅಂದ್ರೆ ಅದಕ್ಕೆ ಸುಸ್ತಾಗಿರುತ್ತೆ. ಅಜ್ಜ ಅಂದ್ರೆ ಕೆಮ್ಮೋ ಶಬ್ದ. ಕೆಲವು ಮಾತು ಅವರಿಗೆ ಅರ್ಥವಾಗದ ಭಾಷೆಯವು, ಬರೀ ಸದ್ದು. ಅದನ್ನೂ ತಪ್ಪಿಲ್ಲದೆ ಹೇಳುತ್ತಿದ್ದರು.

"ಧ್ವನಿ ಎಲ್ಲ ಇದೆ" ಎಂದು ಒಂದು ದಿನ ನನ್ನ ಕೈ ಹಿಡಿದು ಹೇಳಿದರು. "ಮುಖ ಒಂದೂ ಇಲ್ಲ. ಇಪ್ಪತ್ತಾರು ವರ್ಷ ಎದುರಿಗೇ ಕೂತಿದ್ದೆ, ಒಂದು ಮಗುವಿನ ಮುಖಾನೂ ನೋಡಿಲ್ಲ ನಾನು. ಹಾಳೆ ನೋಡಿದೆ, ಗಡಿಯಾರ ನೋಡಿದೆ."

ಹಿಲ್ಯ ಐವತ್ತಾರರಲ್ಲಿ ಮದುವೆಯಾದಳು. ಗಂಡ ಅರ್ವೊ, ದೋಣಿ ರಿಪೇರಿ ಮಾಡುವವನು, ಹೆಂಡತಿ ಸತ್ತವನು, ಮಾತು ಕಡಿಮೆ. ಇಬ್ಬರಿಗೂ ಮಗು ಬೇಕೆಂಬ ಆಸೆಯಿತ್ತು. ಎರಡು ವರ್ಷವಾದರೂ ಆಗದಿದ್ದಾಗ ನಾನೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಟ್ಟೆಯ ಮೇಲಿನ ಕಲೆ ಯಾವುದು ಎಂದು ಅವರು ಕೇಳಿದರು.

"ಅಪೆಂಡಿಕ್ಸ್ ತೆಗೆದ್ರು. ಗುಡ್ಡದಲ್ಲಿ. ಹದಿನೇಳು ವರ್ಷ ಆಗ ನನಗೆ."

ಡಾಕ್ಟರು ಎಕ್ಸ್‌ರೇ ತೆಗೆಸಿದರು, ಗುಡ್ಡಕ್ಕೆ ಬರೆದು ಕಾಗದ ತರಿಸಿದರು. ಮೂರು ವಾರದ ಮೇಲೆ ನಮ್ಮನ್ನು ಕೂರಿಸಿ, ತಮ್ಮ ಕೈಗಳನ್ನೇ ನೋಡುತ್ತಾ ಹೇಳಿದರು. "ಅಪೆಂಡಿಕ್ಸ್ ಇದ್ದಲ್ಲೇ ಇದೆಯಮ್ಮ. ಅವರು ಕತ್ತರಿಸಿದ್ದು ಬೇರೆ."

ಆ ಕಾಲದಲ್ಲಿ ಅದಕ್ಕೆ ಕಾನೂನಿತ್ತು. ಮಂದಬುದ್ಧಿಯವರಿಗೆ ಮಕ್ಕಳಾಗಬಾರದು ಎನ್ನುವ ಕಾನೂನು. ಹಿಲ್ಯ ಟೋಪಿ ಹಾಕಿಕೊಂಡು ಎದ್ದಳು. ನನ್ನನ್ನು ಕೇಳದೆ ನೇರವಾಗಿ ಸರೋವರದ ದಾರಿ ಹಿಡಿದಳು. ನಾನು ಹಿಂದೆ ಹಿಂದೆ ಹೋದೆ.

ಬ್ಯೂಲಾ ಕಾಫಿ ಮಾಡಿ ತಂದಿಟ್ಟರು. ಹಿಲ್ಯ ಡಾಕ್ಟರ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಳು.

"ನನಗೆ ಉದ್ದ ಮಾತು ಓದೋಕೆ ಕಷ್ಟ. ಇದರಲ್ಲಿ ಕಾರಣ ಅಂತ ಏನು ಬರೆದಿದೆ, ಓದಿ ಹೇಳಿ."

ಬ್ಯೂಲಾ ಓದಿದರು. ಕನ್ನಡಕ ತೆಗೆದಿಟ್ಟರು. "ಒಂದೇ ಸಾಲು ಇದೆ. ಅಳತೆ ಅರವತ್ತೊಂದು. ಅಳೆದವರು, ಬ್ಯೂಲಾ ಹ್ಯಾಸ್ಕೆಲ್."

ಗೋಡೆಯುದ್ದಕ್ಕೂ ಆ ಹಾಳೆಗಳು. ಹೊರಗೆ ಸರೋವರದ ಅಲೆ ಬಡಿಯುವ ಸದ್ದು. ಹಿಲ್ಯ ಕಾಗದವನ್ನು ಮಡಿಸಿ ಇಟ್ಟುಕೊಂಡಳು.

"ನಿಮಗೆ ಮಕ್ಕಳಿಲ್ಲ ಅಲ್ವಾ?" ಎಂದು ಕೇಳಿದಳು.

"ಇಲ್ಲ."

"ನಿಮ್ಮನ್ನ ಯಾರೂ ತಡೆದಿರಲಿಲ್ಲ."

"ಇಲ್ಲ" ಎಂದರು ಬ್ಯೂಲಾ. "ಯಾರೂ ತಡೆದಿರಲಿಲ್ಲ."

"ನೀವು ನನ್ನನ್ನ ಹೊರಗೆ ತಂದ್ರಿ. ಅದು ಗೊತ್ತು ನನಗೆ" ಎಂದಳು ಹಿಲ್ಯ. "ಆದ್ರೆ ಇನ್ನು ಮೇಲೆ ನಾನು ಈ ಮನೆಗೆ ಬರಲ್ಲ." ಮುಟ್ಟದ ಕಾಫಿಯನ್ನು ಎತ್ತಿ ಸಿಂಕಿಗೆ ಚೆಲ್ಲಿ, ಲೋಟ ತೊಳೆದು ಕವುಚಿಟ್ಟು ಹೋದಳು.

ಮಾತಿಗೆ ತಪ್ಪಲಿಲ್ಲ. ರಸ್ತೆಯಲ್ಲಿ ಎದುರಾದರೆ ತಲೆ ಬಾಗಿಸುತ್ತಿದ್ದಳು, ಬ್ಯೂಲಾ ಬೇಕರಿಗೆ ಬಂದರೆ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಬ್ಯೂಲಾ ಕೂಡ ಹೆಚ್ಚಿನದನ್ನು ಎಂದೂ ಬಯಸಲಿಲ್ಲ. "ಅವಳು ಕ್ಷಮಿಸಿದ್ರೆ ಅದು ಯಾವ ಲೆಕ್ಕ ಅಂತ ನನಗೆ ತಿಳೀತಿರಲಿಲ್ಲ. ಈ ಲೆಕ್ಕ ಸರಿಯಾಗಿದೆ" ಎಂದು ನನಗೆ ಹೇಳಿದ್ದರು.

ಕೊನೆಯ ಎರಡು ಚಳಿಗಾಲ ಅವರು ಹಾಸಿಗೆ ಹಿಡಿದಿದ್ದರು. ನೆನಪು ಒಂದೊಂದಾಗಿ ಬಿಟ್ಟು ಹೋಯಿತು. ಊರಿನ ಹೆಸರು ಹೋಯಿತು, ಆರಿನ್‌ನ ಹೆಸರು ಹೋಯಿತು, ನನ್ನ ಹೆಸರೂ ಹೋಗಿ ನಾನು ಬರೀ "ಟೈಪ್ ಮಾಡೋ ಹುಡುಗಿ" ಆದೆ. ಮಕ್ಕಳ ಉತ್ತರಗಳು ಮಾತ್ರ ಹೋಗಲಿಲ್ಲ. ಮೇಲೆ ಸೂರು ನೋಡುತ್ತಾ ಒಂದಾದ ಮೇಲೊಂದು ಹೇಳುತ್ತಿದ್ದರು, ಒಂದೊಂದು ಮಗುವಿನ ಧ್ವನಿಯಲ್ಲಿ, ತೊದಲಿದ್ದರೆ ತೊದಲುತ್ತಾ. ನಡುನಡುವೆ ಗೋಡೆಯ ಕಡೆಗೆ ತಿರುಗಿ, "ನೀನು ಯಾರಮ್ಮ? ಬೆಳಕಿಗೆ ಬಾ, ಮುಖ ತೋರಿಸು" ಎನ್ನುತ್ತಿದ್ದರು. ಒಬ್ಬಳೇ ಅಲ್ಲಿ ಕೂತು ಕೇಳುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಆದರೂ ಕೂತೆ.

ಅವರು ಎಪ್ಪತ್ತೊಂದರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮಲ್ಲಿ ಚಳಿಗಾಲದಲ್ಲಿ ನೆಲ ಕಲ್ಲಾಗಿರುತ್ತದೆ, ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ. ಪಾದ್ರಿ, ನಾನು, ಗುಡ್ಡದಿಂದ ಬಿಡಿಸಿದ ಆರು ಮಂದಿಯಲ್ಲಿ ಇಬ್ಬರು, ಇಷ್ಟೇ ಜನ. ಬೇಲಿಯಾಚೆ ಅರ್ವೊನ ಟ್ರಕ್ಕು ನಿಂತಿತ್ತು. ಹಿಲ್ಯ ಒಳಗೆ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಎಲ್ಲ ಮುಗಿದ ಮೇಲೆ ನಾನು ಹೋಗಿ ಹತ್ತಿ ಕುಳಿತೆ.

ದಾರಿಯಲ್ಲಿ ಅವಳು ಕೇಳಿದಳು, "ಆ ಹಾಳೆಗಳು ಈಗ ಯಾರ ಹತ್ರ?"

"ನನ್ನ ಹತ್ರ."

"ಗುಡ್ಡದಲ್ಲಿ ಇನ್ನೂ ಇರೋರು ಎಷ್ಟು ಮಂದಿ, ನಮ್ಮ ಜಿಲ್ಲೆಯವರು?"

"ಇಪ್ಪತ್ತೇಳು."

"ಮಂಗಳವಾರ ಬೇಕರಿಗೆ ರಜೆ" ಎಂದಳು ಹಿಲ್ಯ. "ಅವರ ಹೆಸರು ಬರೆದುಕೊಡು."

ಮೂರು ವರ್ಷದಿಂದ ಮಂಗಳವಾರ ಮಂಗಳವಾರ ನಾವು ಹೋಗುತ್ತಿದ್ದೇವೆ, ಅರ್ವೊ ಗಾಡಿ ಓಡಿಸುತ್ತಾನೆ. ಅಲ್ಲಿರುವವರು ವಯಸ್ಸಿಗೆ ಮೊದಲೇ ಮುದುಕರಾಗಿದ್ದಾರೆ. ಕೆಲವರಿಗೆ ಹೊರಗೆ ಬರಬೇಕೆನ್ನುವ ಆಸೆಯೂ ಉಳಿದಿಲ್ಲ. ಹಿಲ್ಯ ಅವರಿಗೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ರೊಟ್ಟಿ ಮುರಿದು ಕೈಗೆ ಕೊಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು, ಅವರ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ನಾನು ಬಾಗಿಲ ಬಳಿಯೇ ನಿಲ್ಲುತ್ತೇನೆ. ಒಳಗೆ ಹೋಗಿ ಕೂರುವ ಧೈರ್ಯ ನನಗೆ ಇನ್ನೂ ಬಂದಿಲ್ಲ.